ಮರ್ಸ್ ಕೊರೋನಾ: ಸೌದಿ ಅರೇಬಿಯಾ ಎದುರಿಸಿದ್ದು ಹೇಗೆ? ಅನಿವಾಸಿ ಕಾರ್ಮಿಕರು ತಿಳಿದಿರಬೇಕಾದ ಸಂಗತಿಗಳು

ಕೊರೋನಾ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು 2020ರ ಲಾಕ್‌ಡೌನ್. ಆದರೆ ಅದಕ್ಕೂ ಎಂಟು ವರ್ಷ ಮೊದಲೇ ಗಲ್ಫ್ ನೆಲದಲ್ಲಿ ಇನ್ನೊಂದು ಕೊರೋನಾ ಕಾಣಿಸಿಕೊಂಡಿತ್ತು. ಅದರ ಹೆಸರು ಮರ್ಸ್, ಅಂದರೆ ಮಧ್ಯಪ್ರಾಚ್ಯ ಉಸಿರಾಟದ ಕಾಯಿಲೆ. ಜಿದ್ದಾ, ರಿಯಾದ್, ದಮ್ಮಾಮ್‌ನಲ್ಲಿ ಆಗ ಕೆಲಸ ಮಾಡುತ್ತಿದ್ದ ಮಂಗಳೂರು, ಉಡುಪಿ, ಭಟ್ಕಳ ಕಡೆಯ ಹಲವರಿಗೆ 2014ರ ಬೇಸಿಗೆಯ ಆ ಭಯ ಇನ್ನೂ ನೆನಪಿರಬಹುದು. ಮರ್ಸ್ ಇನ್ನೂ ಪೂರ್ತಿ ಹೋಗಿಲ್ಲ. ಸೌದಿಯಲ್ಲಿ ಈಗಲೂ ಆಗಾಗ ಒಂದೆರಡು ಪ್ರಕರಣ ವರದಿಯಾಗುತ್ತಲೇ ಇದೆ. ಈ ರೋಗ ಎಲ್ಲಿಂದ ಬಂತು, ಸೌದಿ ಸರ್ಕಾರ ಎಲ್ಲಿ ಎಡವಿತು, ಹೇಗೆ ಸುಧಾರಿಸಿಕೊಂಡಿತು, ಕ್ಯಾಂಪ್‌ಗಳಲ್ಲಿ ಇರುವವರು ಏನು ಗಮನಿಸಬೇಕು ಎಂಬ ವಿವರ ಇಲ್ಲಿದೆ.

ಮೊದಲ ರೋಗಿ, ಮೊದಲ ಸುಳಿವು

2012ರ ಜೂನ್ 13ರಂದು ಜಿದ್ದಾದ ಖಾಸಗಿ ಆಸ್ಪತ್ರೆಯೊಂದಕ್ಕೆ 60 ವರ್ಷದ ಸೌದಿ ಪ್ರಜೆಯೊಬ್ಬರು ದಾಖಲಾದರು. ಜ್ವರ, ಕೆಮ್ಮು, ಉಸಿರಾಟದ ತೊಂದರೆ ಇತ್ತು. ನ್ಯುಮೋನಿಯಾ ಜೋರಾಗಿ, ಕಿಡ್ನಿಯೂ ಕೈಕೊಟ್ಟು, ಜೂನ್ 24ರಂದು ಅವರು ತೀರಿಕೊಂಡರು. ಎಚ್1ಎನ್1 ಸೇರಿದಂತೆ ಗೊತ್ತಿರುವ ಯಾವ ವೈರಸ್ಸೂ ಪರೀಕ್ಷೆಯಲ್ಲಿ ಸಿಗಲಿಲ್ಲ.

ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದ ಈಜಿಪ್ಟ್ ಮೂಲದ ವೈರಾಣು ತಜ್ಞ ಡಾ. ಅಲಿ ಮೊಹಮ್ಮದ್ ಝಕಿ ಅಷ್ಟಕ್ಕೇ ಬಿಡಲಿಲ್ಲ. ರೋಗಿಯ ಕಫದ ಮಾದರಿಯಲ್ಲಿ ಕೊರೋನಾ ಗುಂಪಿನ ವೈರಸ್ ಇರುವುದು ಅವರಿಗೆ ಗೊತ್ತಾಯಿತು. ಮಾದರಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿರುವ ಎರಾಸ್ಮಸ್ ವೈದ್ಯಕೀಯ ಕೇಂದ್ರಕ್ಕೆ ಹೋಯಿತು. ಇದು ಹಿಂದೆಂದೂ ಕಾಣದ ಹೊಸ ವೈರಸ್ ಎಂದು ಅಲ್ಲಿ ಖಚಿತವಾಯಿತು. ಸೆಪ್ಟೆಂಬರ್ 20ರಂದು ಝಕಿ ಈ ವಿಷಯವನ್ನು ವೈದ್ಯರ ಅಂತಾರಾಷ್ಟ್ರೀಯ ಮಾಹಿತಿ ಜಾಲದಲ್ಲಿ ಪ್ರಕಟಿಸಿದರು. ಅದೇ ಹೊತ್ತಿಗೆ ಲಂಡನ್ ಆಸ್ಪತ್ರೆಯಲ್ಲಿ 49 ವರ್ಷದ ಕತಾರ್ ಪ್ರಜೆಯೊಬ್ಬರು ಇಂಥದ್ದೇ ಲಕ್ಷಣದಿಂದ ನರಳುತ್ತಿದ್ದರು. ಎರಡೂ ವೈರಸ್ ಒಂದೇ ಎಂದು ಕೆಲವೇ ದಿನಗಳಲ್ಲಿ ಗೊತ್ತಾಯಿತು.

ಝಕಿ ಕೂಡ ಪರದೇಶದಿಂದ ಬಂದು ನೌಕರಿ ಮಾಡುತ್ತಿದ್ದವರೇ. ಸುದ್ದಿ ಬಯಲಾದ ಬಳಿಕ ಅವರು ಸೌದಿ ಬಿಟ್ಟು ಈಜಿಪ್ಟ್‌ಗೆ ಮರಳಿದರು. ಆದರೆ ಅವರು ಕೊಟ್ಟ ಎಚ್ಚರಿಕೆಯಿಂದಲೇ ಜಗತ್ತು ಈ ರೋಗವನ್ನು ಗುರುತಿಸಿತು.

ಆಮೇಲೆ ಹಿಂದಿನ ಮಾದರಿಗಳನ್ನು ತೆಗೆದು ನೋಡಿದಾಗ, 2012ರ ಏಪ್ರಿಲ್‌ನಲ್ಲೇ ಜೋರ್ಡಾನ್‌ನ ಝರ್ಕಾ ಪಟ್ಟಣದ ಆಸ್ಪತ್ರೆಯಲ್ಲಿ ಇದೇ ವೈರಸ್ ಹರಡಿತ್ತು ಎಂದು ತಿಳಿಯಿತು. 2013ರ ಮೇ ತಿಂಗಳಲ್ಲಿ ವೈರಸ್‌ಗೆ ಮರ್ಸ್ ಎಂಬ ಹೆಸರು ಅಧಿಕೃತವಾಯಿತು.

ಅಲ್ ಅಹ್ಸಾ: ಆಸ್ಪತ್ರೆಯೇ ರೋಗದ ಗೂಡಾದಾಗ

2013ರ ಏಪ್ರಿಲ್, ಮೇ ತಿಂಗಳಲ್ಲಿ ಪೂರ್ವ ಪ್ರಾಂತ್ಯದ ಅಲ್ ಅಹ್ಸಾದಲ್ಲಿ 23 ಮಂದಿಗೆ ಮರ್ಸ್ ಖಚಿತವಾಯಿತು. ಅವರಲ್ಲಿ 15 ಮಂದಿ ಬದುಕುಳಿಯಲಿಲ್ಲ. ತನಿಖೆ ಮಾಡಿದಾಗ 21 ಮಂದಿಗೆ ಸೋಂಕು ತಗುಲಿದ್ದು ಆಸ್ಪತ್ರೆಗಳ ಒಳಗೇ ಎಂದು ಗೊತ್ತಾಯಿತು. ಡಯಾಲಿಸಿಸ್ ಘಟಕ, ಐಸಿಯು, ಸಾಮಾನ್ಯ ವಾರ್ಡ್, ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿತ್ತು.

ಇದರಿಂದ ಎರಡು ಸಂಗತಿ ಸ್ಪಷ್ಟವಾಯಿತು. ಒಂದು, ಮರ್ಸ್ ಬೀದಿಯಲ್ಲಿ, ಮಾರುಕಟ್ಟೆಯಲ್ಲಿ ಸುಲಭಕ್ಕೆ ಹರಡುವುದಿಲ್ಲ. ಹತ್ತಿರದ ಸಂಪರ್ಕ ಬೇಕು. ಎರಡು, ಆಸ್ಪತ್ರೆಯಲ್ಲಿ ಮುನ್ನೆಚ್ಚರಿಕೆ ತಪ್ಪಿದರೆ ಬಹಳ ಬೇಗ ಹರಡುತ್ತದೆ. ಸಕ್ಕರೆ ಕಾಯಿಲೆ, ಕಿಡ್ನಿ ವೈಫಲ್ಯ, ಹಳೇ ಶ್ವಾಸಕೋಶದ ಕಾಯಿಲೆ ಇರುವವರಿಗೆ ಅಪಾಯ ಜಾಸ್ತಿ.

ಆ ವರ್ಷ ಹಜ್‌ಗೆ ಮೊದಲು ವಯಸ್ಸಾದವರು, ದೀರ್ಘಕಾಲದ ಕಾಯಿಲೆ ಇರುವವರು ಯಾತ್ರೆ ಮುಂದೂಡುವುದು ಒಳ್ಳೆಯದು ಎಂದು ಸೌದಿ ಆರೋಗ್ಯ ಸಚಿವಾಲಯ ಸಲಹೆ ಕೊಟ್ಟಿತು. ಲಕ್ಷಾಂತರ ಜನ ಸೇರುವ ಹಜ್‌ನಲ್ಲಿ ರೋಗ ಸ್ಫೋಟವಾಗಬಹುದು ಎಂಬ ಆತಂಕ ಎಲ್ಲ ಕಡೆ ಇತ್ತು. ಹಾಗಾಗಲಿಲ್ಲ.

ಜಿದ್ದಾ 2014: ಕೈಮೀರಿದ ಪರಿಸ್ಥಿತಿ

2014ರ ಮಾರ್ಚ್ ಕೊನೆಯಿಂದ ಜಿದ್ದಾದಲ್ಲಿ ಪ್ರಕರಣಗಳು ಏಕಾಏಕಿ ಏರತೊಡಗಿದವು. ಏಪ್ರಿಲ್‌ನಲ್ಲಿ ಕಿಂಗ್ ಫಹದ್ ಆಸ್ಪತ್ರೆಯ ತುರ್ತು ವಿಭಾಗವನ್ನೇ ಕೆಲ ಕಾಲ ಮುಚ್ಚಬೇಕಾಯಿತು. ವೈದ್ಯರು, ನರ್ಸ್‌ಗಳಿಗೇ ಸೋಂಕು ತಗುಲಿದ್ದರಿಂದ ಸಿಬ್ಬಂದಿಯಲ್ಲಿ ಭಯ ಹಬ್ಬಿತು. ಸೌದಿ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸ್‌ಗಳಲ್ಲಿ ದೊಡ್ಡ ಪಾಲು ಭಾರತ, ಫಿಲಿಪ್ಪೀನ್ಸ್‌ನವರು. ಊರಲ್ಲಿ ಟಿವಿ ನೋಡುತ್ತಿದ್ದ ಮನೆಯವರು "ಬಿಟ್ಟು ಬಂದುಬಿಡಿ" ಎಂದು ಫೋನ್‌ನಲ್ಲಿ ಅಳುವುದು, ಇತ್ತ ಕಾಂಟ್ರಾಕ್ಟ್ ಮುಗಿಯದೆ ಬಿಟ್ಟು ಬರಲಾಗದ ಸ್ಥಿತಿ. ಆಗ ಇಲ್ಲಿದ್ದ ನರ್ಸ್‌ಗಳ ಸಂಕಟ ಇದು.

ಸಾಮಾನ್ಯ ಜನರಿಗೆ ಸರಿಯಾದ ಮಾಹಿತಿಯೂ ಸಿಗುತ್ತಿರಲಿಲ್ಲ. ಎಷ್ಟು ಜನರಿಗೆ ಬಂದಿದೆ, ಯಾವ ಆಸ್ಪತ್ರೆಯಲ್ಲಿ ಎಂದು ಗೊತ್ತಾಗದೆ ವಾಟ್ಸ್ಯಾಪ್ ವದಂತಿಗಳೇ ಸುದ್ದಿಯಾದವು. ಏಪ್ರಿಲ್ 21ರಂದು ದೊರೆ ಅಬ್ದುಲ್ಲಾ ಅವರು ಆರೋಗ್ಯ ಸಚಿವ ಅಬ್ದುಲ್ಲಾ ಅಲ್ ರಬೀಅಃ ಅವರನ್ನು ಹುದ್ದೆಯಿಂದ ತೆಗೆದು, ಕಾರ್ಮಿಕ ಸಚಿವರಾಗಿದ್ದ ಆದೆಲ್ ಫಕೀಹ್ ಅವರಿಗೆ ಆರೋಗ್ಯ ಖಾತೆಯ ಹೊಣೆಯನ್ನೂ ವಹಿಸಿದರು. ನಿತಾಖತ್ ಕಾನೂನಿನಿಂದಾಗಿ ಫಕೀಹ್ ಅವರ ಹೆಸರು ಅನಿವಾಸಿಗಳಿಗೆ ಆಗಲೇ ಚೆನ್ನಾಗಿ ಪರಿಚಯವಿತ್ತು.

ಜೂನ್ 3ರಂದು ಇನ್ನೊಂದು ಅಚ್ಚರಿ. ಹಳೇ ದಾಖಲೆಗಳನ್ನು ಮತ್ತೆ ಪರಿಶೀಲಿಸಿದಾಗ ಲೆಕ್ಕಕ್ಕೆ ಸೇರದೇ ಉಳಿದಿದ್ದ 113 ಪ್ರಕರಣಗಳು ಸಿಕ್ಕಿವೆ ಎಂದು ಸಚಿವಾಲಯವೇ ಪ್ರಕಟಿಸಿತು. 575 ಎಂದಿದ್ದ ಒಟ್ಟು ಸಂಖ್ಯೆ ಒಂದೇ ದಿನಕ್ಕೆ 688 ಆಯಿತು. ಸಾವಿನ ಸಂಖ್ಯೆ 190ರಿಂದ 282ಕ್ಕೆ ಏರಿತು. ಉಪ ಆರೋಗ್ಯ ಸಚಿವರೂ ಹುದ್ದೆ ಕಳೆದುಕೊಂಡರು. ಮುಜುಗರದ ಸಂಗತಿಯೇ ಆದರೂ, ಲೆಕ್ಕವನ್ನು ಸರಿಪಡಿಸಿ ಜನರ ಮುಂದಿಟ್ಟಿದ್ದು ಒಂದು ತಿರುವು ಎನ್ನಬಹುದು.

ಸರ್ಕಾರ ಏನೇನು ಬದಲಾಯಿಸಿತು?

1. ಒಂದೇ ನಿಯಂತ್ರಣ ಕೇಂದ್ರ: ಎಲ್ಲ ನಿರ್ಧಾರಗಳನ್ನು ಒಂದೇ ಕಡೆಯಿಂದ ತೆಗೆದುಕೊಳ್ಳಲು ಆರೋಗ್ಯ ಸಚಿವಾಲಯದಲ್ಲಿ ಕಮಾಂಡ್ ಅಂಡ್ ಕಂಟ್ರೋಲ್ ಸೆಂಟರ್ ಆರಂಭವಾಯಿತು. ರೋಗಿ ಪತ್ತೆಯಾದ ಕೂಡಲೇ ಆ ಆಸ್ಪತ್ರೆಗೆ ತಂಡ ಹೋಗುವುದು, ಸಂಪರ್ಕದಲ್ಲಿದ್ದವರ ಪಟ್ಟಿ ಮಾಡುವುದು ಈ ಕೇಂದ್ರದ ಕೆಲಸ.

2. ನಿಗದಿತ ಆಸ್ಪತ್ರೆಗಳು: ಮರ್ಸ್ ರೋಗಿಗಳನ್ನು ಎಲ್ಲೆಂದರಲ್ಲಿ ಇಡುವ ಬದಲು ಜಿದ್ದಾ, ರಿಯಾದ್, ದಮ್ಮಾಮ್‌ನಲ್ಲಿ ಪ್ರತ್ಯೇಕ ವ್ಯವಸ್ಥೆ ಇರುವ ಆಸ್ಪತ್ರೆಗಳನ್ನು ಗುರುತಿಸಲಾಯಿತು.

3. ದಿನದ ಲೆಕ್ಕ ಬಹಿರಂಗ: ಹೊಸ ರೋಗಿಯ ಊರು, ವಯಸ್ಸು, ಸೌದಿ ಪ್ರಜೆಯೋ ಅನಿವಾಸಿಯೋ, ಆಸ್ಪತ್ರೆ ಸಿಬ್ಬಂದಿಯೋ, ಒಂಟೆಯ ಸಂಪರ್ಕ ಇತ್ತೋ ಎಂಬ ವಿವರ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಬರತೊಡಗಿತು. ರೋಗಿಯ ಹೆಸರು ಮಾತ್ರ ಇರುತ್ತಿರಲಿಲ್ಲ.

4. ಬಾಗಿಲಲ್ಲೇ ತಪಾಸಣೆ: ಜ್ವರ, ಕೆಮ್ಮು ಇದ್ದವರನ್ನು ತುರ್ತು ವಿಭಾಗದ ಬಾಗಿಲಲ್ಲೇ ಗುರುತಿಸಿ, ಮಾಸ್ಕ್ ಕೊಟ್ಟು, ಬೇರೆ ಕಡೆ ಕೂರಿಸುವ ಪದ್ಧತಿ ಬಂತು. ಈಗಲೂ ಸೌದಿ ಆಸ್ಪತ್ರೆಗೆ ಹೋದರೆ ಮೊದಲೇ ಕೆಮ್ಮು, ಜ್ವರದ ಬಗ್ಗೆ ಕೇಳುವುದರ ಹಿಂದೆ ಈ ಅನುಭವ ಇದೆ.

ಇಷ್ಟಾದರೂ 2015ರ ಆಗಸ್ಟ್‌ನಲ್ಲಿ ರಿಯಾದ್‌ನ ದೊಡ್ಡ ಆಸ್ಪತ್ರೆಯಾದ ಕಿಂಗ್ ಅಬ್ದುಲ್ ಅಝೀಝ್ ಮೆಡಿಕಲ್ ಸಿಟಿಯಲ್ಲಿ ಮತ್ತೆ ರೋಗ ಹರಡಿತು. ಖಚಿತ ಮತ್ತು ಶಂಕಿತ ಸೇರಿ 130 ಪ್ರಕರಣ, ಅದರಲ್ಲಿ 43 ಮಂದಿ ಆಸ್ಪತ್ರೆ ಸಿಬ್ಬಂದಿ. ತುರ್ತು ವಿಭಾಗದಲ್ಲಿ ಕಿಕ್ಕಿರಿದ ಜನಸಂದಣಿಯೇ ಮುಖ್ಯ ಕಾರಣ. ತುರ್ತು ವಿಭಾಗ ಮುಚ್ಚಿ, ಸಂಪರ್ಕದಲ್ಲಿದ್ದವರನ್ನು ಪ್ರತ್ಯೇಕಿಸಿದ ಮೇಲೆ ಹತೋಟಿಗೆ ಬಂತು. ನಿಯಮ ಕಾಗದದಲ್ಲಿ ಇದ್ದರೆ ಸಾಲದು, ದಿನವೂ ಪಾಲಿಸಬೇಕು ಎಂಬುದನ್ನು ಇದು ತೋರಿಸಿತು. ಅದೇ ವರ್ಷ ಹಜ್ ಸಮಯದಲ್ಲಿ ಒಂಟೆ ಬಲಿಯನ್ನೂ ನಿಷೇಧಿಸಲಾಯಿತು.

ಒಂಟೆಗೂ ಮರ್ಸ್‌ಗೂ ಏನು ಸಂಬಂಧ?

ಆಸ್ಪತ್ರೆಯಲ್ಲಿ ಹರಡಿದ್ದು ಸರಿ, ಆದರೆ ಮೊದಲ ಮನುಷ್ಯನಿಗೆ ಎಲ್ಲಿಂದ ಬಂತು? ಉತ್ತರ ಸಿಕ್ಕಿದ್ದು ಒಂಟೆಗಳಲ್ಲಿ. 2013ರಲ್ಲಿ ಒಮಾನ್‌ನ 50 ಒಂಟೆಗಳ ರಕ್ತ ಪರೀಕ್ಷಿಸಿದಾಗ 50ರಲ್ಲೂ ಈ ಗುಂಪಿನ ವೈರಸ್ ವಿರುದ್ಧದ ಪ್ರತಿಕಾಯ ಇತ್ತು. ಸೌದಿಯಲ್ಲಿ 1992ರಲ್ಲಿ ತೆಗೆದಿಟ್ಟಿದ್ದ ಒಂಟೆಯ ರಕ್ತದಲ್ಲೂ ಅದೇ ಕುರುಹು ಸಿಕ್ಕಿತು. ಅಂದರೆ ವೈರಸ್ ಹಳೆಯದು, ಮನುಷ್ಯನ ಕಣ್ಣಿಗೆ ಬಿದ್ದದ್ದು ತಡವಾಗಿ. ಒಂಟೆಗೆ ಇದು ಸಣ್ಣ ನೆಗಡಿ ಇದ್ದ ಹಾಗೆ. ಎಷ್ಟೋ ಸಲ ಏನೂ ಲಕ್ಷಣ ಕಾಣುವುದೇ ಇಲ್ಲ.

ಸೌದಿಯಾದ್ಯಂತ 10,000ಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಒಟ್ಟು 15 ಮಂದಿಯಲ್ಲಿ ಮಾತ್ರ ಹಿಂದೆ ಸೋಂಕು ಬಂದುಹೋದ ಕುರುಹು ಸಿಕ್ಕಿತು. ಆದರೆ ಸಾಮಾನ್ಯ ಜನರಿಗೆ ಹೋಲಿಸಿದರೆ ಒಂಟೆ ಕಾಯುವವರಲ್ಲಿ ಈ ಪ್ರಮಾಣ 15 ಪಟ್ಟು, ಕಸಾಯಿಖಾನೆ ಕೆಲಸಗಾರರಲ್ಲಿ 23 ಪಟ್ಟು ಜಾಸ್ತಿ ಇತ್ತು.

ಈ ಎರಡೂ ಕೆಲಸ ಗಲ್ಫ್‌ನಲ್ಲಿ ಹೆಚ್ಚಾಗಿ ಮಾಡುವವರು ಹೊರದೇಶದ ಕಾರ್ಮಿಕರೇ. ಮಝ್ರಾಗಳಲ್ಲಿ ಪಟ್ಟಣದಿಂದ ದೂರ, ಒಬ್ಬಂಟಿಯಾಗಿ ಒಂಟೆ ನೋಡಿಕೊಳ್ಳುವವರಿಗೆ ಮಾಸ್ಕ್, ಗ್ಲೌಸ್ ಕೊಡುವವರು ಯಾರು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂಬ ಪ್ರಶ್ನೆ ಇಂದಿಗೂ ಇದೆ. 2014ರ ಮೇ ತಿಂಗಳಲ್ಲಿ ಸೌದಿ ಕೃಷಿ ಸಚಿವಾಲಯ ಒಂಟೆ ಮುಟ್ಟುವವರು ಮಾಸ್ಕ್, ಗ್ಲೌಸ್ ಹಾಕಬೇಕು ಎಂದು ಸೂಚಿಸಿತ್ತು. ಮಾಲೀಕರ ಬಳಿ ಅದನ್ನು ಕೇಳುವುದು ತಪ್ಪಲ್ಲ.

ಒಂದೇ ರೂಮ್, ಹಲವು ಹಾಸಿಗೆ

ಕ್ಯಾಂಪ್‌ಗಳಲ್ಲಿ ಇರುವವರು ಗಮನಿಸಬೇಕಾದ ಒಂದು ಪ್ರಕರಣ ರಿಯಾದ್‌ನದ್ದು. 2015ರ ಅಕ್ಟೋಬರ್‌ನಲ್ಲಿ ಮಹಿಳೆಯರೇ ಇರುವ ವಸತಿನಿಲಯವೊಂದರಲ್ಲಿ ಮರ್ಸ್ ಕಾಣಿಸಿಕೊಂಡಿತು. 828 ಮಂದಿಯನ್ನು ಪರೀಕ್ಷಿಸಿದಾಗ 19 ಮಂದಿಗೆ ಸೋಂಕು ತಗುಲಿದ್ದು ಖಚಿತವಾಯಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ.

ಆ ತನಿಖೆಯಲ್ಲಿ ಕಂಡದ್ದು: ಸೋಂಕಿತರ ಜೊತೆ ಒಂದೇ ರೂಮಿನಲ್ಲಿ ಇದ್ದವರಿಗೆ, ನೇರ ಸಂಪರ್ಕ ಇದ್ದವರಿಗೆ ಅಪಾಯ ಹೆಚ್ಚು. ಕೆಲವು ಕಟ್ಟಡಗಳಲ್ಲಿ ನೂರಕ್ಕೆ ಮೂರು ಜನರಿಗೂ ಬಂದಿರಲಿಲ್ಲ, ಇನ್ನು ಕೆಲವದರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಬಂದಿತ್ತು. ಇನ್ನೊಂದು ವಿಷಯ ಎಂದರೆ, 19ರಲ್ಲಿ 11 ಮಂದಿಗೆ ಸೋಂಕು ಬಂದದ್ದು ರಕ್ತ ಪರೀಕ್ಷೆಯಿಂದ ಮಾತ್ರ ತಿಳಿದದ್ದು. ಆರೋಗ್ಯವಂತರಲ್ಲಿ ರೋಗ ಜೋರಾಗಿ ಕಾಣದೆಯೂ ಬಂದುಹೋಗಬಹುದು. ಆದರೆ ಅದೇ ರೂಮಿನಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರೊಬ್ಬರು ಇದ್ದರೆ ಅವರಿಗೆ ಅದು ಪ್ರಾಣಾಪಾಯ.

ಒಬ್ಬ ಪ್ರಯಾಣಿಕ, 186 ರೋಗಿಗಳು

2015ರ ಮೇ ತಿಂಗಳಲ್ಲಿ ಗಲ್ಫ್ ದೇಶಗಳ ಪ್ರವಾಸ ಮುಗಿಸಿ ದಕ್ಷಿಣ ಕೊರಿಯಾಕ್ಕೆ ಮರಳಿದ 68 ವರ್ಷದ ವ್ಯಾಪಾರಿಯೊಬ್ಬರಿಗೆ ಜ್ವರ ಬಂತು. ಒಂದಾದ ಮೇಲೊಂದು ಆಸ್ಪತ್ರೆ ತಿರುಗಿದರು. ಮೇ 20ರಂದು ಮರ್ಸ್ ಎಂದು ಗೊತ್ತಾಗುವಷ್ಟರಲ್ಲಿ ಹಲವರಿಗೆ ದಾಟಿ ಆಗಿತ್ತು. ಆ ಒಂದೇ ಕೊಂಡಿಯಿಂದ 186 ಮಂದಿಗೆ ಸೋಂಕು, 38 ಸಾವು. 16,000ಕ್ಕೂ ಹೆಚ್ಚು ಜನ ಕ್ವಾರಂಟೈನ್ ಆದರು.

ಊರಿಗೆ ಹೋಗುವ ಪ್ರತಿಯೊಬ್ಬ ಅನಿವಾಸಿಗೂ ಇದು ಪಾಠ. ರೋಗ ಒಳಗೆ ಸೇರಿ ಲಕ್ಷಣ ಕಾಣಲು 2ರಿಂದ 14 ದಿನ ಹಿಡಿಯುತ್ತದೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇಳಿದು ಒಂದು ವಾರದ ಮೇಲೆ ಜ್ವರ ಬಂದರೆ, ಡಾಕ್ಟರ ಹತ್ತಿರ ಮೊದಲ ಮಾತೇ "ಗಲ್ಫ್‌ನಿಂದ ಬಂದು ಇಷ್ಟು ದಿನ ಆಯಿತು" ಎಂದಾಗಬೇಕು. ಒಂಟೆಯ ಹತ್ತಿರ ಹೋಗಿದ್ದರೆ, ಅಲ್ಲಿನ ಆಸ್ಪತ್ರೆಗೆ ಹೋಗಿದ್ದರೆ ಅದನ್ನೂ ಹೇಳಬೇಕು. ಇಲ್ಲದಿದ್ದರೆ ಊರಿನ ಡಾಕ್ಟರಿಗೆ ಮರ್ಸ್‌ನ ನೆನಪೇ ಬರಲಿಕ್ಕಿಲ್ಲ.

ಇಲ್ಲಿವರೆಗೆ 27 ದೇಶಗಳಲ್ಲಿ 2,600ಕ್ಕೂ ಹೆಚ್ಚು ಮರ್ಸ್ ಪ್ರಕರಣ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾಗಿವೆ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಸೌದಿಯದ್ದೇ. ವರದಿಯಾದವರಲ್ಲಿ ನೂರಕ್ಕೆ ಸುಮಾರು 36 ಮಂದಿ ತೀರಿಕೊಂಡಿದ್ದಾರೆ. ಯುಎಇ, ಕತಾರ್, ಒಮಾನ್, ಕುವೈತ್‌ನಲ್ಲೂ ಪ್ರಕರಣಗಳು ಬಂದಿವೆ. ಈ ಪಟ್ಟಿಯಲ್ಲಿ ಭಾರತ ಇಲ್ಲ.

2020: ಹಳೇ ಪಾಠ ಕೆಲಸಕ್ಕೆ ಬಂತು

2020ರ ಜನವರಿಯಲ್ಲಿ ಅಸೀರ್ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ಕೇರಳದ ನರ್ಸ್ ಒಬ್ಬರಿಗೆ ಕೊರೋನಾ ಬಂದಿದೆ ಎಂಬ ಸುದ್ದಿ ಭಾರತದಲ್ಲಿ ದೊಡ್ಡದಾಯಿತು. ಚೀನಾದ ವೈರಸ್ ಸೌದಿಗೆ ಬಂತು ಎಂದೇ ಹಲವರು ತಿಳಿದರು. ಅದು ವುಹಾನ್‌ನ ವೈರಸ್ ಅಲ್ಲ, ಮರ್ಸ್ ಎಂದು ಅಲ್ಲಿನ ಸೋಂಕು ನಿಯಂತ್ರಣ ಸಮಿತಿ ಸ್ಪಷ್ಟಪಡಿಸಿತು. ಕೊರೋನಾ ಎಂಬ ಒಂದೇ ಹೆಸರಿನ ಗುಂಪಿನಲ್ಲಿ ಬೇರೆ ಬೇರೆ ವೈರಸ್ ಇವೆ ಎಂದು ಆಗ ಎಷ್ಟೋ ಜನರಿಗೆ ಮೊದಲ ಬಾರಿ ಗೊತ್ತಾಯಿತು.

ಮಾರ್ಚ್ 2ರಂದು ಸೌದಿಯಲ್ಲಿ ಮೊದಲ ಕೋವಿಡ್ ಪ್ರಕರಣ ಪತ್ತೆಯಾಯಿತು. ಅದಕ್ಕೂ ಮೊದಲೇ, ಫೆಬ್ರವರಿ 27ರಂದು, ಹೊರದೇಶದವರ ಉಮ್ರಾ ನಿಲ್ಲಿಸಲಾಗಿತ್ತು. ಮಾರ್ಚ್ 15ರಿಂದ ಅಂತಾರಾಷ್ಟ್ರೀಯ ವಿಮಾನ ಬಂದ್. ಆ ವರ್ಷದ ಹಜ್ ದೇಶದೊಳಗೇ ಇದ್ದ ಸುಮಾರು ಒಂದು ಸಾವಿರ ಜನರಿಗೆ ಸೀಮಿತವಾಯಿತು. ಇಷ್ಟು ಬೇಗ ಹೆಜ್ಜೆ ಇಡಲು ಮರ್ಸ್ ಕಾಲದಲ್ಲಿ ಕಟ್ಟಿದ ವ್ಯವಸ್ಥೆ ನೆರವಾಯಿತು.

ಅನಿವಾಸಿಗಳ ಪಾಲಿಗೆ ಎಲ್ಲಕ್ಕಿಂತ ಮುಖ್ಯ ದಿನ ಮಾರ್ಚ್ 30. ಅಂದು ದೊರೆ ಸಲ್ಮಾನ್ ಅವರು ಕೋವಿಡ್ ಚಿಕಿತ್ಸೆ ಎಲ್ಲರಿಗೂ ಉಚಿತ ಎಂದು ಆದೇಶಿಸಿದರು. ಸೌದಿ ಪ್ರಜೆ, ಇಖಾಮಾ ಇರುವ ಅನಿವಾಸಿ, ಇಖಾಮಾ ಮುಗಿದವರು ಅಥವಾ ಇಲ್ಲದವರು, ಎಲ್ಲರೂ ಇದರಲ್ಲಿ ಸೇರಿದ್ದರು. ಕಾರಣ ಸರಳ. ಹುರೂಬ್ ಆದವರು, ಇಖಾಮಾ ಮುಗಿದವರು ಹಿಡಿದುಬಿಡುತ್ತಾರೆ ಎಂದು ಹೆದರಿ ಜ್ವರ ಮುಚ್ಚಿಟ್ಟುಕೊಂಡು ರೂಮಿನಲ್ಲೇ ಮಲಗಿದರೆ, ಆ ರೂಮಿನವರಿಗೆಲ್ಲ ರೋಗ ಬರುತ್ತದೆ. ಭಯ ಹೋಗದೆ ರೋಗ ಹೋಗುವುದಿಲ್ಲ.

ಹಾಗಿದ್ದೂ ಮೊದಲ ತಿಂಗಳುಗಳಲ್ಲಿ ಕಾರ್ಮಿಕರ ವಸತಿಗಳಲ್ಲೇ ಸೋಂಕು ಜೋರಾಗಿ ಹರಡಿತು. ಇಕ್ಕಟ್ಟು ಕಡಿಮೆ ಮಾಡಲು ಕಾರ್ಮಿಕರನ್ನು ಶಾಲಾ ಕಟ್ಟಡಗಳಿಗೆ ಸ್ಥಳಾಂತರಿಸುವ ವ್ಯವಸ್ಥೆ ಮಾಡಲಾಯಿತು. ಕೆಲಸ ಕಳೆದುಕೊಂಡವರು, ಗರ್ಭಿಣಿಯರು, ಕಾಯಿಲೆಯವರು ಊರಿಗೆ ಹೋಗಲು ವಾರಗಟ್ಟಲೆ ಕಾದರು. ಮೇ 7ರಂದು ವಂದೇ ಭಾರತ್ ವಿಮಾನಗಳು ಶುರುವಾಗಿ, ಮೇ 12ರಂದು ದುಬೈನಿಂದ ಮೊದಲ ವಿಮಾನ ಮಂಗಳೂರಿಗೆ ಇಳಿಯಿತು. ಆಸ್ಪತ್ರೆ ವ್ಯವಸ್ಥೆಯಲ್ಲಿ ಕಲಿತ ಪಾಠ ವಸತಿ ವ್ಯವಸ್ಥೆಗೆ ಅಷ್ಟು ಬೇಗ ಬಂದಿರಲಿಲ್ಲ ಎಂಬುದು ಆ ದಿನಗಳನ್ನು ಕಂಡವರಿಗೆಲ್ಲ ಗೊತ್ತು.

ಅನಿವಾಸಿಗಳು ನೆನಪಿಡಬೇಕಾದದ್ದು

* ಮರ್ಸ್ ಲಕ್ಷಣ: ಜ್ವರ, ಕೆಮ್ಮು, ಉಸಿರು ಕಟ್ಟುವುದು. ಕೆಲವರಿಗೆ ಭೇದಿಯೂ ಆಗಬಹುದು. ಉಸಿರಾಟಕ್ಕೆ ಕಷ್ಟ ಆದರೆ ನಾಳೆ ನೋಡೋಣ ಅಂತ ಕಾಯಬೇಡಿ.

* ಮರ್ಸ್‌ಗೆ ಅಂತಲೇ ಅನುಮೋದನೆಯಾದ ಲಸಿಕೆಯಾಗಲೀ ಔಷಧವಾಗಲೀ ಇಲ್ಲ. ಆಸ್ಪತ್ರೆಯಲ್ಲಿ ಸಿಗುವುದು ಉಸಿರಾಟ, ಕಿಡ್ನಿ ಇತ್ಯಾದಿಗೆ ಆಸರೆ ಕೊಡುವ ಚಿಕಿತ್ಸೆ. ಆದ್ದರಿಂದ ಬೇಗ ಹೋಗುವುದೇ ಮುಖ್ಯ. ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದೇವೆ, ಮರ್ಸ್ ಬರಲ್ಲ ಎಂದುಕೊಳ್ಳಬೇಡಿ.

* ಹಸಿ ಒಂಟೆ ಹಾಲು, ಒಂಟೆ ಮೂತ್ರ ಕುಡಿಯಬೇಡಿ. ಔಷಧಿ ಅಂತ ಯಾರು ಹೇಳಿದರೂ ಬೇಡ. ಹಾಲು ಚೆನ್ನಾಗಿ ಕುದಿಸಿ, ಮಾಂಸ ಪೂರ್ತಿ ಬೇಯಿಸಿ ತಿಂದರೆ ತೊಂದರೆ ಇಲ್ಲ.

* ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಶ್ವಾಸಕೋಶದ ಕಾಯಿಲೆ ಇರುವವರು ಒಂಟೆ ಮಾರುಕಟ್ಟೆ, ಮಝ್ರಾ, ಒಂಟೆ ಓಟದ ಜಾಗಕ್ಕೆ ಹೋಗದಿರುವುದು ಒಳ್ಳೆಯದು. ಊರಿನಿಂದ ಬಂದ ವಯಸ್ಸಾದ ತಂದೆ ತಾಯಿಯನ್ನು ಫೋಟೋಗೆಂದು ಒಂಟೆ ಹತ್ತಿರ ನಿಲ್ಲಿಸಬೇಡಿ.

* ಒಂಟೆ ಕೆಲಸದಲ್ಲಿ ಇರುವವರು ಮಾಸ್ಕ್, ಗ್ಲೌಸ್ ಬಳಸಿ, ಕೆಲಸ ಮುಗಿದ ಕೂಡಲೇ ಸೋಪಿನಿಂದ ಕೈ ತೊಳೆಯಿರಿ. ಕೆಲಸದ ಬಟ್ಟೆಯಲ್ಲೇ ರೂಮಿಗೆ ಬರಬೇಡಿ.

* ರೂಮಿನಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಬಂದರೆ ಅವರಿಗೆ ಪ್ರತ್ಯೇಕ ಜಾಗ ಮಾಡಿಕೊಡಿ. ಒಂದೇ ತಟ್ಟೆ, ಲೋಟ, ಟವೆಲ್ ಬೇಡ. ಊಟ ತಂದುಕೊಡುವವರು ಒಬ್ಬರೇ ಇರಲಿ, ಮಾಸ್ಕ್ ಹಾಕಲಿ. ಹಾಗಂತ ಅವರನ್ನು ಹೊರಗೆ ಹಾಕಬೇಡಿ.

* ಆಸ್ಪತ್ರೆಯಲ್ಲಿ ರೋಗಿ ನೋಡಲು ಗುಂಪಾಗಿ ಹೋಗುವ ರೂಢಿ ನಮ್ಮಲ್ಲಿದೆ. ಜ್ವರ, ಉಸಿರಾಟದ ರೋಗಿ ಇದ್ದರೆ ಒಬ್ಬರು ಸಾಕು.

* ಸೌದಿಯಲ್ಲಿ ಆರೋಗ್ಯ ಸಚಿವಾಲಯದ ಸಹಾಯವಾಣಿ 937. ತುರ್ತಾಗಿ ಆಂಬುಲೆನ್ಸ್ ಬೇಕಾದರೆ ರೆಡ್ ಕ್ರೆಸೆಂಟ್‌ನ 997. ಖಾಸಗಿ ಕಂಪೆನಿಗಳು ನೌಕರರಿಗೆ ಆರೋಗ್ಯ ವಿಮೆ ಮಾಡಿಸುವುದು ಕಡ್ಡಾಯ. ನಿಮ್ಮ ವಿಮೆ ಚಾಲ್ತಿಯಲ್ಲಿದೆಯೇ ಎಂದು ಕಾಯಿಲೆ ಬರುವ ಮೊದಲೇ ನೋಡಿಟ್ಟುಕೊಳ್ಳಿ. ಕಂಪೆನಿ ಸ್ಪಂದಿಸದೇ ಇದ್ದರೆ ರಿಯಾದ್‌ನ ಭಾರತೀಯ ರಾಯಭಾರ ಕಚೇರಿ ಅಥವಾ ಜಿದ್ದಾದ ಕಾನ್ಸುಲೇಟ್‌ಗೆ ತಿಳಿಸಬಹುದು.

* ವಾಟ್ಸ್ಯಾಪ್‌ನಲ್ಲಿ ಬಂದ ಆಸ್ಪತ್ರೆಯ ಹೆಸರು, ರೋಗಿಯ ಫೋಟೋ, ಆಡಿಯೋ ಮುಂದಕ್ಕೆ ಕಳಿಸಬೇಡಿ. ವದಂತಿ ಹರಡಿದರೆ ಗಲ್ಫ್ ದೇಶಗಳಲ್ಲಿ ಕಾನೂನು ಕ್ರಮ ಇದೆ. ಊರಲ್ಲಿ ಮನೆಯವರ ನಿದ್ದೆಯೂ ಕೆಡುತ್ತದೆ.

ಮರ್ಸ್ ಬಗ್ಗೆ ಹೆದರಿ ಕೂರುವ ಅಗತ್ಯ ಇಲ್ಲ. ಬೀದಿಯಲ್ಲಿ ಹೋಗುವಾಗ ಹಿಡಿದುಕೊಳ್ಳುವ ರೋಗ ಇದಲ್ಲ. ಆದರೆ ಜ್ವರ ಬಂದಾಗ ಕೆಲಸ ಹೋಗುತ್ತೆ, ಸಂಬಳ ಕಟ್ ಆಗುತ್ತೆ ಅಂತ ಎರಡು ಮಾತ್ರೆ ನುಂಗಿ ಸೈಟಿಗೆ ಹೋಗುವುದು ನಮ್ಮವರಲ್ಲಿ ಸಾಮಾನ್ಯ. ಸೌದಿಯ ಹತ್ತು ಹನ್ನೆರಡು ವರ್ಷದ ಅನುಭವ ಹೇಳುವುದು ಇಷ್ಟೇ: ಮುಚ್ಚಿಟ್ಟಾಗ ರೋಗ ಬೆಳೆಯಿತು, ಬಿಚ್ಚಿ ಹೇಳಿದಾಗ ಹತೋಟಿಗೆ ಬಂತು. ಸರ್ಕಾರಕ್ಕೆ ಅನ್ವಯಿಸುವ ಈ ಮಾತು ಆರು ಹಾಸಿಗೆಯ ರೂಮಿಗೂ ಅನ್ವಯಿಸುತ್ತದೆ.